ಪಡೆದ ರಕ್ಷಣೆ ಕೈತಪ್ಪುವುದುಂಟೆ?

1548ರಲ್ಲಿ ಇಟಲಿಯ ಪಾದುವಾ ಬಳಿಯ ಚಿಟ್ಟಾಡೆಲ್ಲಾ ಊರಿನ ವಕೀಲ ಫ್ರಾಂಚೆಸ್ಕೊ ಸ್ಪಿಯೇರಾ ವೆನಿಸ್‌ನ ಧರ್ಮವಿಚಾರಣೆಯವರ ಮುಂದೆ ನಿಲ್ಲಬೇಕಾಯಿತು. ಪ್ರೊಟೆಸ್ಟೆಂಟ್ ವಿಚಾರಗಳನ್ನು ಊರಲ್ಲಿ ಹಬ್ಬಿಸಿದನೆಂಬ ಆರೋಪ. ಹೆಂಡತಿ, ಮನೆತುಂಬ ಮಕ್ಕಳು, ಆಸ್ತಿ ಎಲ್ಲ ಕಣ್ಣಮುಂದೆ ಬಂದಿರಬೇಕು. ತಾನು ನಂಬಿದ್ದು ತಪ್ಪೆಂದು ಬರೆದುಕೊಟ್ಟ, ಊರಿಗೆ ಮರಳಿ ಜನರೆದುರು ಅದನ್ನೇ ಮತ್ತೊಮ್ಮೆ ಒಪ್ಪಿಕೊಂಡ. ಅಲ್ಲಿಂದ ಮುಂದೆ ಅವನಿಗೆ ಒಂದೇ ಗೀಳು. ಕ್ರಿಸ್ತನನ್ನು ಅರಿತವನಾಗಿಯೂ ಅಲ್ಲಗಳೆದೆ, ಇನ್ನು ನನಗೆ ಕ್ಷಮೆಯಿಲ್ಲ ಎಂಬುದು. ಪಾದುವಾಕ್ಕೆ ಕರೆತಂದರು. ವೈದ್ಯರು, ಪಂಡಿತರು, ಒಬ್ಬ ಬಿಷಪ್ ಕೂಡ ಹಾಸಿಗೆಯ ಪಕ್ಕ ಕೂತು ಬೈಬಲಿನಿಂದ ಸಮಾಧಾನ ಹೇಳಿದರು. ಅವನು ಅದೇ ಬೈಬಲಿನಿಂದ ಅವರ ಬಾಯಿ ಮುಚ್ಚಿಸಿದ, ವಕೀಲನಲ್ಲವೆ. ಊಟ ಬಿಟ್ಟು ಆ ವರ್ಷದ ಕೊನೆಗೆ ಸತ್ತ.

ಅವನನ್ನು ಕಂಡುಹೋದ ಬಿಷಪ್ ಪಿಯೆರ್ ಪಾವ್ಲೊ ವೆರ್ಜೇರಿಯೊ ಮರುವರ್ಷವೇ ಇಟಲಿ ಬಿಟ್ಟು ಪ್ರೊಟೆಸ್ಟೆಂಟರನ್ನು ಸೇರಿಕೊಂಡ. ಸ್ಪಿಯೇರಾನ ಕೊನೆಯ ದಿನಗಳ ಒಂದು ವೃತ್ತಾಂತಕ್ಕೆ ಜಿನೀವಾದ ಸುಧಾರಕ ಕ್ಯಾಲ್ವಿನ್ ಸ್ವತಃ ಮುನ್ನುಡಿ ಬರೆದ. ಇಂಗ್ಲೆಂಡಿನಲ್ಲಿ ಆ ಕಥೆ ಮುಂದಿನ ನೂರಾರು ವರ್ಷ ಮತ್ತೆ ಮತ್ತೆ ಅಚ್ಚಾಯಿತು. ಓದಿದವರೆಲ್ಲ ಕೇಳಿದ್ದು ಒಂದೇ. ಈತ ರಕ್ಷಣೆಯನ್ನು ಪಡೆದು ಕಳೆದುಕೊಂಡನೆ? ಮೊದಲಿಗೇ ಪಡೆದಿರಲಿಲ್ಲವೆ? ಅಥವಾ ಕಳೆದುಕೊಂಡೆನೆಂಬ ಭ್ರಮೆಯಲ್ಲಿ ಸತ್ತು, ಸತ್ತ ಮೇಲೆ ಅದು ಸುಳ್ಳೆಂದು ಕಂಡುಕೊಂಡನೆ? ಕ್ರೈಸ್ತ ಲೋಕದ ಮುಖ್ಯ ಪಂಥಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದೊಂದು ಉತ್ತರದ ಸುತ್ತ ಕಟ್ಟಿಕೊಂಡಿವೆ.

ಈ ಪ್ರಶ್ನೆ ಎರಡು ಬಾಯಿಗಳಿಂದ ಬರುತ್ತದೆ. ಬಿಟ್ಟುಹೋದ ಒಬ್ಬನ ಬಗ್ಗೆ ಸಭೆ ಕೇಳುವುದು ಒಂದು ಬಗೆ. ನಿದ್ದೆ ಬಾರದ ಒಬ್ಬ ತನ್ನ ಬಗ್ಗೆ ತಾನೇ ಕೇಳಿಕೊಳ್ಳುವುದು ಇನ್ನೊಂದು. ಎರಡು ಸಾವಿರ ವರ್ಷದ ವಾದವನ್ನು ಓದಿದರೆ ನನಗೆ ಕಾಣುವುದು ಇಷ್ಟು: ಮೊದಲನೆಯವರಿಗೆಂದು ತಯಾರಾದ ಉತ್ತರವನ್ನು ಎರಡನೆಯವನ ಕೈಗೆ ಕೊಟ್ಟಾಗಲೆಲ್ಲ ಅನಾಹುತವಾಗಿದೆ.

ಹೊಸ ಒಡಂಬಡಿಕೆಯಲ್ಲಿ ಎರಡೂ ಪಕ್ಷಗಳಿಗೆ ಸಾಕ್ಷಿ ಸಿಗುತ್ತದೆ. ಜಗಳ ಇಷ್ಟು ದೀರ್ಘಾಯುವಾದದ್ದು ಅದಕ್ಕೇ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನ ಹಿಂಡಿನ ಕುರಿಗಳನ್ನು ತನ್ನಿಂದಾಗಲಿ ತಂದೆಯಿಂದಾಗಲಿ ಯಾರೂ ಕಸಿದುಕೊಳ್ಳಲು ಆಗದೆನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ ಕೊನೆಗೆ ಪೌಲ ಸಾವು, ಬದುಕು, ಇಂದಿನದು, ನಾಳೆಯದು ಎಂದು ಉದ್ದದ ಪಟ್ಟಿ ಹಾಕಿ, ಇದರಲ್ಲಿ ಯಾವುದಕ್ಕೂ ವಿಶ್ವಾಸಿಯನ್ನು ದೇವರ ಪ್ರೀತಿಯಿಂದ ಬೇರ್ಪಡಿಸುವ ಬಲವಿಲ್ಲವೆಂದು ಸಾರುತ್ತಾನೆ. ಎಫೆಸದವರಿಗೆ ಬರೆದಲ್ಲಿ ಪವಿತ್ರಾತ್ಮನೇ ಮುದ್ರೆ, ಅವನೇ ಮುಂಗಡ. ಸಭೆಯಿಂದ ಹೊರಟುಹೋದವರ ಬಗ್ಗೆ ಯೋಹಾನನ ಮೊದಲನೆಯ ಪತ್ರಿಕೆ ಕೊಡುವ ವಿವರಣೆ, ಅವರು ನಿಜವಾಗಿ ನಮ್ಮವರಾಗಿರಲೇ ಇಲ್ಲ ಎಂಬುದು. ಮುಂದೆ ಒಂದು ಇಡೀ ಸಂಪ್ರದಾಯ ಈ ಒಂದು ವಾಕ್ಯದ ಮೇಲೆ ನಿಂತಿತು.

ಇನ್ನೊಂದು ಕಡೆ ನೋಡಿದರೆ, ಅದೇ ಯೋಹಾನನ ಸುವಾರ್ತೆಯಲ್ಲಿ ಐದೇ ಅಧ್ಯಾಯ ದಾಟುವಷ್ಟರಲ್ಲಿ, ಬಳ್ಳಿಯಲ್ಲಿ ನಿಲ್ಲದ ಕೊಂಬೆಗಳನ್ನು ಬೆಂಕಿಗೆ ಹಾಕುವ ಮಾತು ಬರುತ್ತದೆ. ರೋಮಾಪುರದವರಿಗೆ ಬರೆದ ಅದೇ ಪೌಲ 11ನೆಯ ಅಧ್ಯಾಯದಲ್ಲಿ ಕಸಿಕಟ್ಟಿದ ಕೊಂಬೆಯನ್ನೂ ಕಡಿದುಹಾಕಬಹುದೆಂದು ಎಚ್ಚರಿಸುತ್ತಾನೆ. ಬೇರೆಯವರಿಗೆ ಸಾರಿದ ಮೇಲೆ ತಾನೇ ಅನರ್ಹನಾದೇನೆಂಬ ಅಳುಕು ಅವನಿಗೂ ಇತ್ತು. ಎಲ್ಲಕ್ಕಿಂತ ಕಠಿಣವಾದದ್ದು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ. ಬೆಳಕನ್ನು ಪಡೆದವರು, ಪರಲೋಕದ ವರವನ್ನು ಸವಿದವರು, ಪವಿತ್ರಾತ್ಮನಲ್ಲಿ ಪಾಲು ಹೊಂದಿದವರು ಬಿದ್ದುಹೋದರೆ ಅವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಅಲ್ಲಿದೆ.

ಈ ಭಾಗವನ್ನು ಓದುವ ಪರಿಗಳೇ ಒಂದು ಗ್ರಂಥಾಲಯವಾಗುತ್ತವೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಪ್ಯೂರಿಟನ್ ಜಾನ್ ಓವನ್ ಇಬ್ರಿಯರ ಪತ್ರಿಕೆಗೆ ಸಂಪುಟಗಟ್ಟಲೆ ಭಾಷ್ಯ ಬರೆದವನು. ಅವನ ಪ್ರಕಾರ ಇಲ್ಲಿ ಹೇಳಿದ ಅನುಭವಗಳೆಲ್ಲ ನಿಜವಾದ ಮಾರ್ಪಾಟಿನ ಹೊಸ್ತಿಲವರೆಗೆ ಬಂದವು, ಒಳಗೆ ಹೋಗಿರಲಿಲ್ಲ. ಜರ್ಮನ್ ಸುಧಾರಕ ಲೂಥರನಿಗೆ ಇಂಥ ಬುದ್ಧಿವಂತಿಕೆಯ ಹಂಗಿರಲಿಲ್ಲ. 1522ರ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಈ ಪತ್ರಿಕೆಯಲ್ಲೊಂದು ಬಿಡಿಸಲಾರದ ಗಂಟಿದೆಯೆಂದು ಒಪ್ಪಿಕೊಂಡು, ಇಡೀ ಪತ್ರಿಕೆಯನ್ನು ಪುಸ್ತಕದ ಕೊನೆಗೆ, ತನಗೆ ಅನುಮಾನವಿದ್ದ ಇನ್ನು ಮೂರು ಬರಹಗಳ ಜೊತೆಗೆ ಇಟ್ಟುಬಿಟ್ಟ. ಓವನ್ನನ ಪಾಂಡಿತ್ಯದ ಬಗ್ಗೆ ಗೌರವವಿದ್ದೂ ನನಗೆ ಲೂಥರನ ಅಸಹನೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಪವಿತ್ರಾತ್ಮನಲ್ಲಿ ಪಾಲು ಪಡೆದವರು ಎಂಬ ವರ್ಣನೆ ಬೇರೆಲ್ಲಿ ಬಂದಿದ್ದರೂ ಅದು ವಿಶ್ವಾಸಿಯ ಲಕ್ಷಣವೆಂದು ಯಾರೂ ಚರ್ಚೆಯಿಲ್ಲದೆ ಒಪ್ಪುತ್ತಿದ್ದರು.

ಆದರೆ ಈ ಪ್ರಶ್ನೆ ಮೊದಲು ಬೀದಿಗೆ ಬಿದ್ದದ್ದು ಭಾಷ್ಯಕಾರರ ಕೈಯಿಂದಲ್ಲ. ಸಾಮ್ರಾಟ ಡೆಸಿಯಸ್ 249ರ ಕೊನೆಯ ಹೊತ್ತಿಗೆ ಹೊರಡಿಸಿದ ಆಜ್ಞೆಯ ಪ್ರಕಾರ ರೋಮನ್ ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಸಾಕ್ಷಿಗಳ ಸಹಿಯಿರುವ ಚೀಟಿ ಪಡೆಯಬೇಕಿತ್ತು. ಈಜಿಪ್ಟಿನ ಮರಳಿನಲ್ಲಿ ಅಂಥ ಪಪೈರಸ್ ಚೀಟಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಹೆಸರು, ಊರು, ನಾನು ಯಾವಾಗಲೂ ಬಲಿ ಕೊಡುತ್ತ ಬಂದವನೆಂಬ ಹೇಳಿಕೆ, ಕೆಳಗೆ ಅಧಿಕಾರಿಯ ರುಜು. ಸರ್ಕಾರಿ ಕಾಗದಪತ್ರದ ಧಾಟಿ ಎಲ್ಲ ಕಾಲದಲ್ಲೂ ಒಂದೇ. ಕಾರ್ತೇಜಿನಲ್ಲಿ ಕ್ರೈಸ್ತರು ಗುಂಪುಗುಂಪಾಗಿ ಬಲಿಪೀಠಕ್ಕೆ ನಡೆದರು. ಕೆಲವರು ಧೂಪವನ್ನಷ್ಟೇ ಹಾಕಿದರು. ಇನ್ನು ಕೆಲವರು ಲಂಚ ಕೊಟ್ಟು ಚೀಟಿ ಮಾತ್ರ ತಂದುಕೊಂಡರು. ಹಿಂಸೆ ತಣಿದ ಮೇಲೆ ಎಲ್ಲರೂ ಸಭೆಯ ಬಾಗಿಲಿಗೆ ಬಂದು ನಿಂತರು.

ಕಾರ್ತೇಜಿನ ಬಿಷಪ್ ಸಿಪ್ರಿಯನ್ನನ ಪರಿಸ್ಥಿತಿ ಇಕ್ಕಟ್ಟಿನದು. ಹಿಂಸೆಯ ಕಾಲದಲ್ಲಿ ಅವನೇ ಅಡಗಿಕೊಂಡು ಬರೀ ಪತ್ರಗಳ ಮೂಲಕ ಸಭೆ ನಡೆಸಿದ್ದ. ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿದವರು ತಮ್ಮ ಪುಣ್ಯದ ಬಲದಿಂದ, ಬಿದ್ದವರಿಗೆ ಉದಾರವಾಗಿ ಕ್ಷಮಾಪತ್ರ ಹಂಚುತ್ತಿದ್ದರು. ಅತ್ತ ರೋಮಿನಲ್ಲಿ ನೊವೇಶಿಯನ್ ಎಂಬ ವಿದ್ವಾಂಸ, ದೇವತೆಗಳಿಗೆ ಬಲಿಯಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವ ಅಧಿಕಾರ ಸಭೆಗೆ ಇಲ್ಲವೇ ಇಲ್ಲವೆಂದು ಬೇರೆ ಸಭೆಯನ್ನೇ ಕಟ್ಟಿದ. ದೇವರು ಕೊನೆಗೆ ಅವರನ್ನು ಕ್ಷಮಿಸಬಹುದು, ಅದು ದೇವರಿಗೆ ಬಿಟ್ಟದ್ದು, ಸಭೆಯ ಮೇಜಿಗೆ ಮಾತ್ರ ಅವರು ಮರಳುವಂತಿಲ್ಲ ಎನ್ನುವುದು ಅವನ ನಿಲುವು. 251ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್ಪರು ಮಧ್ಯದ ದಾರಿ ಹಿಡಿದರು. ಚೀಟಿ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಕೊಟ್ಟವರು ಬದುಕಿಡೀ ಪಶ್ಚಾತ್ತಾಪದಲ್ಲಿದ್ದರೆ ಸಾಯುವ ಹೊತ್ತಿಗೆ ಸಮಾಧಾನ ಕೊಡುವುದು. ಮತ್ತೊಂದು ಹಿಂಸೆಯ ಸೂಚನೆ ಕಂಡೊಡನೆ ಅದನ್ನೂ ಸಡಿಲಿಸಿದರು. ಇವರನ್ನು ಬರಿಗೈಯಲ್ಲಿ ಯುದ್ಧಕ್ಕೆ ಕಳಿಸುವುದು ಹೇಗೆಂಬ ವಾದ. ಸಿಪ್ರಿಯನ್ 258ರಲ್ಲಿ ಓಡಿಹೋಗದೆ ಖಡ್ಗಕ್ಕೆ ತಲೆಯೊಡ್ಡಿದ.

ನೊವೇಶಿಯನ್ನನ ಸಭೆ ಶತಮಾನಗಳ ಕಾಲ ಬದುಕಿತ್ತು. ಅದರ ಬಿಷಪ್ ಅಕೇಸಿಯಸ್ 325ರ ನೈಸೀಯ ಮಹಾಸಭೆಗೆ ಬಂದಿದ್ದಾಗ, ಹಾಗಿದ್ದರೆ ನೀನೊಬ್ಬನೇ ಏಣಿ ಹಾಕಿಕೊಂಡು ಪರಲೋಕಕ್ಕೆ ಹತ್ತು ಎಂಬರ್ಥದಲ್ಲಿ ಸಾಮ್ರಾಟ ಕಾನ್‌ಸ್ಟಂಟೈನ್ ಚುಚ್ಚಿದನೆಂದು ಇತಿಹಾಸಕಾರ ಸಾಕ್ರೆಟೀಸ್ ಬರೆದಿದ್ದಾನೆ. (ಇವನು ಗ್ರೀಕ್ ತತ್ತ್ವಜ್ಞಾನಿಯಲ್ಲ, ಐದನೆಯ ಶತಮಾನದ ಸಭಾ ಚರಿತ್ರಕಾರ.) ತಮಾಷೆಯೆಂದರೆ ಕಾನ್‌ಸ್ಟಂಟೈನ್ ತಾನು ದೀಕ್ಷಾಸ್ನಾನ ಮಾಡಿಸಿಕೊಂಡದ್ದು 337ರಲ್ಲಿ, ಮರಣಶಯ್ಯೆಯ ಮೇಲೆ. ಸ್ನಾನದ ಮೇಲೆ ಮಾಡಿದ ಘೋರ ಪಾಪಕ್ಕೆ ಪರಿಹಾರ ಕಷ್ಟವೆಂಬ ಭಯ ಆ ಕಾಲದಲ್ಲಿ ಎಷ್ಟು ವ್ಯಾಪಕವಾಗಿತ್ತೆಂದರೆ, ಸ್ನಾನವನ್ನೇ ಮುಂದೂಡುವುದು ಜಾಣತನವೆನಿಸಿತ್ತು. ಎರಡನೆಯ ಶತಮಾನದ ‘ಹರ್ಮನ ಕುರುಬ’ ಎಂಬ ಬರಹ ಸ್ನಾನದ ನಂತರ ಒಂದೇ ಒಂದು ಅವಕಾಶ ಕೊಟ್ಟಿತ್ತು. ಆ ಶತಮಾನಗಳಲ್ಲಿ ರಕ್ಷಣೆ ಕಳೆದುಹೋಗಬಹುದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಳೆದುಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ; ಮರಳಿ ಸಿಗುತ್ತದೆಯೆ, ಎಷ್ಟು ಸಲ, ಯಾರ ಕೈಯಿಂದ ಎನ್ನುವುದಷ್ಟೇ ವಿವಾದ. ಇವತ್ತು ಆದಿಸಭೆಯೂ ನಮ್ಮಂತೆಯೇ ನಂಬಿತ್ತೆಂದು ಎರಡೂ ಕಡೆಯವರು ಹೇಳಿಕೊಳ್ಳುವುದುಂಟು. ಒಮ್ಮೆ ಪಡೆದರೆ ಎಂದೆಂದಿಗೂ ಇದೆ ಎನ್ನುವವರಿಗೆ ಮೊದಲ ಮೂರು ಶತಮಾನಗಳಲ್ಲಿ ಹೇಳಿಕೊಳ್ಳುವಂಥ ಆಸರೆ ಸಿಗುವುದಿಲ್ಲ.

ಚಿತ್ರ ಬದಲಾದದ್ದು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನಿಂದ, ಅದೂ ಅವನ ಕೊನೆಯ ವರ್ಷಗಳಲ್ಲಿ. ಇಂದಿನ ಟ್ಯುನೀಸಿಯದ ಸೂಸ್ ಪಟ್ಟಣ ಅಂದು ಹದ್ರುಮೇತುಮ್. ಅಲ್ಲಿನ ಮಠದ ಸನ್ಯಾಸಿಗಳು ಒಂದು ಸರಳ ತಕರಾರು ತೆಗೆದರು: ಎಲ್ಲವೂ ದೇವರ ಕೃಪೆಯೇ ಆದರೆ ತಪ್ಪಿದ ಸೋದರನನ್ನು ಗದರುವುದೇಕೆ, ಅವನಿಗಾಗಿ ಪ್ರಾರ್ಥಿಸಿದರೆ ಸಾಕಲ್ಲ. ಆ ಹಿನ್ನೆಲೆಯಲ್ಲಿ 426ರಿಂದ 429ರ ನಡುವೆ ಬರೆದ ಗ್ರಂಥಗಳಲ್ಲಿ ಅಗಸ್ಟೀನ್ ಹೇಳಿದ್ದು, ಕೊನೆಯವರೆಗೆ ನಿಲ್ಲುವುದೂ ದೇವರ ವರವೇ. ಅದನ್ನು ದೇವರು ಆರಿಸಿಕೊಂಡವರಿಗೆ ಕೊಡುತ್ತಾನೆ, ಅವರು ತಪ್ಪದೆ ನಿಲ್ಲುತ್ತಾರೆ. ಇಲ್ಲಿಯವರೆಗೆ ಕ್ಯಾಲ್ವಿನ್ ಪಕ್ಷದವರು ತಲೆದೂಗುತ್ತಾರೆ. ಆದರೆ ಅಗಸ್ಟೀನ್ ಮುಂದುವರಿದು, ದೀಕ್ಷಾಸ್ನಾನದಿಂದ ನಿಜವಾಗಿಯೇ ಹೊಸ ಜನ್ಮ ಪಡೆದವರಲ್ಲೂ ಕೆಲವರಿಗೆ ಈ ಕೊನೆಯ ವರ ಸಿಗುವುದಿಲ್ಲ, ಅವರು ಬಿದ್ದುಹೋಗುತ್ತಾರೆ ಎನ್ನುತ್ತಾನೆ. ಯಾರಿಗೆ ಆ ವರವಿದೆಯೆಂದು ಬದುಕಿರುವ ಯಾರಿಗೂ ತಿಳಿಯದು. ಹೀಗಾಗಿ ಒಂದೇ ಅಗಸ್ಟೀನನನ್ನು ಮುಂದೆ ಟ್ರೆಂಟ್‌ನವರೂ ಜಿನೀವಾದವರೂ ತಮ್ಮವನೆಂದರು, ಇಬ್ಬರೂ ಅರ್ಧ ಸತ್ಯ ಹೇಳಿದರು.

ಕ್ಯಾಥೋಲಿಕ್ ಧರ್ಮಸಭೆಯ ನಿಲುವು 1547ರ ಜನವರಿಯಲ್ಲಿ, ಸ್ಪಿಯೇರಾನ ದುರಂತಕ್ಕೆ ಒಂದು ವರ್ಷ ಮೊದಲು, ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ ಗಟ್ಟಿಯಾಯಿತು. ಮಾರಕ ಪಾಪ ಮಾಡಿದರೆ, ವಿಶ್ವಾಸ ಉಳಿದಿದ್ದರೂ ಕೃಪೆ ಕಳೆದುಹೋಗುತ್ತದೆ. ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ಸಿಗುತ್ತದೆ. ತಾನು ಕೊನೆಯವರೆಗೆ ನಿಲ್ಲುವುದು ಖಚಿತವೆಂದು, ದೇವರ ವಿಶೇಷ ಪ್ರಕಟಣೆ ಇಲ್ಲದೆ, ಯಾರೂ ಹೇಳಿಕೊಳ್ಳುವಂತಿಲ್ಲ. ಹೊರಗಿನವರಿಗೆ ಇದು ನಿತ್ಯ ಆತಂಕದ ವ್ಯವಸ್ಥೆಯಂತೆ ಕಾಣುತ್ತದೆ. ಒಳಗಿನವರ ಅನುಭವ ಹಾಗಿಲ್ಲ. ಶನಿವಾರ ಸಂಜೆ ಗುಡಿಗೆ ಹೋಗಿ ನಿವೇದಿಸಿ ಎದ್ದು ಬರುವವನಿಗೆ, ನಾನು ಮೊದಲಿಗೇ ನಿಜವಾದ ಕ್ರೈಸ್ತನೆ ಎಂಬ ಪ್ರಶ್ನೆ ಏಳುವುದು ಅಪರೂಪ. ಕಳೆದುಕೊಳ್ಳುವ ದಾರಿ ಎಲ್ಲಿದೆಯೋ ಪಡೆಯುವ ದಾರಿಯೂ ಅಲ್ಲೇ ಹತ್ತಿರದಲ್ಲಿದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಂತೂ ರಕ್ಷಣೆಯನ್ನು ಜೀವನಪೂರ್ತಿ ನಡೆಯುವ ಬೆಳವಣಿಗೆಯೆಂದೇ ನೋಡುವುದರಿಂದ ಈ ಜಗಳದಲ್ಲಿ ಅವರಿಗೆ ಅಷ್ಟಾಗಿ ಆಸಕ್ತಿಯಿಲ್ಲ.

ಪ್ರೊಟೆಸ್ಟೆಂಟರೆಂದರೆ ರಕ್ಷಣೆ ಕಳೆಯದು ಎನ್ನುವವರು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪು. 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 12ನೆಯ ಕಲಮು, ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರು ಎನ್ನುವವರನ್ನು ಖಂಡಿಸುತ್ತದೆ. ಅದೇ ಉಸಿರಿನಲ್ಲಿ ನೊವೇಶಿಯನ್ನನ ಪಂಥವನ್ನೂ ಖಂಡಿಸುತ್ತದೆ. ಬತ್ಷೆಬೆಯೊಡನೆ ಪಾಪ ಮಾಡಿದಾಗ ದಾವೀದ ವಿಶ್ವಾಸವನ್ನೂ ಆತ್ಮನನ್ನೂ ಕಳೆದುಕೊಂಡಿದ್ದ ಎಂಬುದು ಲೂಥರನ ಅಭಿಪ್ರಾಯ. ಕ್ಯಾಲ್ವಿನ್ ಹಾಗೆ ಒಪ್ಪಲಿಲ್ಲ. ದಾವೀದನಲ್ಲಿ, ಮೂರು ಸಲ ಯೇಸುವನ್ನು ಅಲ್ಲಗಳೆದ ಪೇತ್ರನಲ್ಲಿ, ಬೇರು ಸಾಯಲಿಲ್ಲವೆಂದ. ಹಾಗಾದರೆ ಕೆಲಕಾಲ ಉತ್ಸಾಹದಿಂದಿದ್ದು ಬಿಟ್ಟುಹೋದವರ ಕಥೆಯೇನು? ದೇವರು ಆರಿಸದವರಲ್ಲೂ ಆರಿಸಿದವರದ್ದೇ ಎನ್ನುವಷ್ಟು ಹೋಲುವ ಅನುಭವ ಕೆಲವೊಮ್ಮೆ ಉಂಟಾಗುತ್ತದೆಂದು ಅವನು ತನ್ನ ಮಹಾಗ್ರಂಥದ ಮೂರನೆಯ ಸಂಪುಟದಲ್ಲಿ ಬರೆದ. ತರ್ಕಕ್ಕೆ ಬೇಕಾಗಿದ್ದ ಮಾತು ಅದು. ಆದರೆ ಒಮ್ಮೆ ಬರೆದ ಮೇಲೆ, ನನ್ನೊಳಗಿನದು ಅಸಲಿಯೋ ಹೋಲಿಕೆಯೋ ಎಂದು ಪ್ರತಿಯೊಬ್ಬ ವಿಶ್ವಾಸಿಯೂ ತನ್ನನ್ನು ತಾನೇ ತಡವಿನೋಡಬೇಕಾಯಿತು.

ಈ ವಿಷಯಕ್ಕಾಗಿ ಒಂದು ದೇಶವೇ ಒಡೆಯುವ ಹಂತಕ್ಕೆ ಬಂದದ್ದು ಹಾಲೆಂಡಿನಲ್ಲಿ. ಲೈಡನ್ ವಿಶ್ವವಿದ್ಯಾಲಯದ ಅಧ್ಯಾಪಕ ಆರ್ಮಿನಿಯಸ್‌ನ ಹೆಸರು ಇವತ್ತು ರಕ್ಷಣೆ ಕಳೆದುಹೋಗುತ್ತದೆ ಎಂಬ ಪಕ್ಷಕ್ಕೆ ಅಂಟಿಕೊಂಡಿದೆ. ಆದರೆ 1608ರಲ್ಲಿ ಅವನು ಕೊಟ್ಟ ಹೇಳಿಕೆಯಲ್ಲಿರುವುದು, ತಾನು ಹಾಗೆ ಬೋಧಿಸಿಲ್ಲ, ಆದರೆ ಹಾಗೆ ಸೂಚಿಸುವ ವಚನಗಳಿವೆ, ಅವಕ್ಕೆ ಬಂದಿರುವ ಸಮಾಧಾನಗಳೆಲ್ಲ ತನಗೆ ಸಾಲವು ಎಂಬಷ್ಟೇ. ಮರುವರ್ಷ ತೀರಿಕೊಂಡ. 1610ರಲ್ಲಿ ಅವನ ಕಡೆಯವರು ಸಲ್ಲಿಸಿದ ಐದು ಅಂಶಗಳ ಮನವಿಯಲ್ಲೂ ಐದನೆಯದು ಬಾಗಿಲು ತೆರೆದೇ ಇಟ್ಟಿತ್ತು: ಶಾಸ್ತ್ರವನ್ನು ಇನ್ನಷ್ಟು ಹುಡುಕಿ ನೋಡಬೇಕು, ಆಮೇಲೆ ಖಚಿತವಾಗಿ ಬೋಧಿಸೋಣ ಎಂದು. ಧರ್ಮಶಾಸ್ತ್ರದ ಇತಿಹಾಸದಲ್ಲಿ ನಮಗಿನ್ನೂ ಗೊತ್ತಿಲ್ಲವೆಂದು ಬರೆದು ಸಹಿ ಹಾಕಿದ ದಾಖಲೆಗಳು ವಿರಳ. ನನಗೆ ಇದು ಪ್ರಿಯವಾಗಿರುವುದಕ್ಕೆ ಅದೇ ಕಾರಣ.

ಅದಕ್ಕೆ ಸಿಕ್ಕ ಉತ್ತರ ಮಾತ್ರ ಅಷ್ಟು ಮೃದುವಾಗಿರಲಿಲ್ಲ. ಸ್ಪೇನಿನೊಡನೆ ಕದನವಿರಾಮ ಮುಗಿಯುತ್ತ ಬಂದಿತ್ತು. ರಾಜಕುಮಾರ ಮೌರಿಸ್ ಯುದ್ಧದ ಪಕ್ಷ. ಹಿರಿಯ ರಾಜನೀತಿಜ್ಞ ಓಲ್ಡನ್‌ಬಾರ್ನೆವೆಲ್ಟ್ ವಿರಾಮವನ್ನು ಕುದುರಿಸಿದವನು, ಮನವಿದಾರರಿಗೆ ಆಶ್ರಯ ಕೊಟ್ಟವನು. ಕೃಪೆಯ ವಾದ ಈ ಎರಡು ಬಣಗಳ ಬಾವುಟವಾಯಿತು. 1618ರ ನವೆಂಬರಿನಲ್ಲಿ ಡೋರ್ಡ್ರೆಕ್ಟ್ (ಡಾರ್ಟ್) ಪಟ್ಟಣದಲ್ಲಿ ಸಿನಡ್, ಅಂದರೆ ಧರ್ಮಸಮ್ಮೇಳನ, ಸೇರಿತು. ಇಂಗ್ಲೆಂಡ್, ಜಿನೀವಾ, ಜರ್ಮನಿಯ ಕೆಲವು ಸಂಸ್ಥಾನಗಳಿಂದ ಪ್ರತಿನಿಧಿಗಳು ಬಂದಿದ್ದರು. ಮನವಿದಾರರನ್ನು ಕರೆಸಿದ್ದು ಆರೋಪಿಗಳ ಹಾಗೆ. ಜನವರಿಯಲ್ಲಿ ಅಧ್ಯಕ್ಷ ಬೊಗರ್ಮನ್ ಅವರನ್ನು ಸಿಟ್ಟಿನಿಂದ ಹೊರಗಟ್ಟಿದ. ಸಿನಡ್ ಮುಗಿದದ್ದು 1619ರ ಮೇ ತಿಂಗಳಲ್ಲಿ. ಅದೇ ಮೇ 13ರಂದು ಎಪ್ಪತ್ತು ದಾಟಿದ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ ಕಡಿದರು. ಸುಮಾರು ಇನ್ನೂರು ಪಾದ್ರಿಗಳು ಹುದ್ದೆ ಕಳೆದುಕೊಂಡರು. ನ್ಯಾಯಶಾಸ್ತ್ರಜ್ಞ ಗ್ರೋಶಿಯಸ್‌ಗೆ ಆಜೀವ ಸೆರೆ. 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಕೋಟೆಯಿಂದ ತಪ್ಪಿಸಿಕೊಂಡ.

ಇಷ್ಟೆಲ್ಲ ರಕ್ತದ ಕಲೆಯಿದ್ದೂ ಆ ಸಿನಡ್ ಹೊರಡಿಸಿದ ಡಾರ್ಟ್‌ನ ನಿಯಮಗಳ ಐದನೆಯ ಭಾಗವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅದರ ದನಿ ವಿಜಯೋತ್ಸವದ್ದಲ್ಲ. ನಿಜ ವಿಶ್ವಾಸಿಗಳೂ ಘೋರ ಪಾಪಗಳಿಗೆ ಬೀಳುತ್ತಾರೆ, ದೇವರ ಒಲವಿನ ಅರಿವೇ ಅವರಿಗೆ ಕೆಲಕಾಲ ಇಲ್ಲವಾಗುತ್ತದೆ, ಆದರೂ ದೇವರು ಕೈಬಿಡುವುದಿಲ್ಲ, ಈ ಭರವಸೆ ಸಡಿಲ ಬದುಕಿಗೆ ಪರವಾನಗಿಯಲ್ಲ ಎಂದೆಲ್ಲ ಎಚ್ಚರದಿಂದ ಹೇಳುತ್ತದೆ. ಬಿದ್ದು ನಡುಗುತ್ತಿರುವವನ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಬಿದ್ದವನನ್ನು ಹೊರಗಿನಿಂದ ಅಳೆಯುವವನ ಕೈಗೆ ಸಿಕ್ಕರೆ ಇದೇ ಪಠ್ಯ, ಅವನಿಗೆ ಯಾವತ್ತೂ ಇರಲಿಲ್ಲ ಎಂಬ ತೀರ್ಪಾಗುತ್ತದೆ.

ನಡುಗಿದವರ ಪೈಕಿ ಇಬ್ಬರನ್ನು ಹೆಸರಿಸಬೇಕು. ಜಾನ್ ಬನ್ಯನ್ 1666ರ ತನ್ನ ಆತ್ಮಕಥೆಯಲ್ಲಿ, ಕ್ರಿಸ್ತನನ್ನು ಮಾರಿಬಿಡು ಎಂಬ ಒಳದನಿಗೆ ತಾನು ಒಮ್ಮೆ ಮನಸ್ಸಿನಲ್ಲೇ ಒಪ್ಪಿಬಿಟ್ಟೆನೆಂದೂ, ಹಿರಿತನವನ್ನು ಮಾರಿಕೊಂಡ ಏಸಾವನ ಗತಿಯೇ ತನಗೂ ಎಂದು ಬಹುಕಾಲ ನರಳಿದೆನೆಂದೂ ಬರೆದಿದ್ದಾನೆ. ಸ್ಪಿಯೇರಾನ ಕಥೆ ಓದಿದ್ದು ಅವನ ಹುಣ್ಣಿಗೆ ಉಪ್ಪಾಯಿತು. ಮುಂದೆ ಅವನ ಪ್ರಸಿದ್ಧ ಕೃತಿಯಲ್ಲಿ ಕಬ್ಬಿಣದ ಪಂಜರದೊಳಗೆ ಕೂತ ನಿರಾಶೆಯ ಮನುಷ್ಯನೊಬ್ಬ ಬರುತ್ತಾನೆ. ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದ ಪುಸ್ತಕ ಅದೇ. ಇನ್ನೊಬ್ಬ ಕವಿ ವಿಲಿಯಂ ಕೂಪರ್. ಗೆಳೆಯ ಜಾನ್ ನ್ಯೂಟನ್ ಜೊತೆ ಸೇರಿ ಅವನು ರಚಿಸಿದ ಗೀತೆಗಳನ್ನು ಇಂದಿಗೂ ಪ್ರಪಂಚದಾದ್ಯಂತ ಹಾಡುತ್ತಾರೆ. 1773ರಲ್ಲಿ ಕಂಡ ಒಂದು ಕನಸಿನಿಂದ, ದೇವರು ತನ್ನನ್ನು ತಳ್ಳಿಬಿಟ್ಟನೆಂದು ನಂಬಿದವನು 1800ರಲ್ಲಿ ಸಾಯುವವರೆಗೂ ಆರಾಧನೆಗೆ ಕಾಲಿಡಲಿಲ್ಲ. ಅವನದು ಕ್ಯಾಲ್ವಿನ್ ಮತವೇ. ಕಳೆದುಹೋಗುವ ಸಾಧ್ಯತೆಯೇ ಇಲ್ಲದ ಸಿದ್ಧಾಂತದಲ್ಲಿ ನಿಂತು, ಇಡೀ ಜಗತ್ತಿಗೆ ತಾನೊಬ್ಬನೇ ಅಪವಾದವೆಂದು ಲೆಕ್ಕಹಾಕಿಕೊಂಡಿದ್ದ. ಅವನ ಮನೋರೋಗದ ಹೊಣೆಯನ್ನು ಸಿದ್ಧಾಂತದ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಸಿದ್ಧಾಂತ ತಾನಾಗಿಯೇ ನೆಮ್ಮದಿ ಕೊಡುವುದಿಲ್ಲವೆಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ.

ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1751ರಲ್ಲಿ ಒಂದು ಪುಟ್ಟ ಹೊತ್ತಗೆಯಲ್ಲಿ, ದೇವರ ದೃಷ್ಟಿಯಲ್ಲಿ ನಿಜವಾಗಿ ಪರಿಶುದ್ಧನಾದವನೂ ಬಿದ್ದು ನಿತ್ಯನಾಶ ಹೊಂದಬಹುದೆಂದು ಎಂಟು ಅಂಶಗಳಲ್ಲಿ ವಾದಿಸಿದ. ಹಾಗೆಂದು ಮೆಥೊಡಿಸ್ಟರು ಕುಗ್ಗಿ ಬಾಳಿದವರಲ್ಲ. ಈ ಕ್ಷಣದಲ್ಲಿ ತಾನು ದೇವರ ಮಗುವೆಂಬ ಒಳಸಾಕ್ಷಿಯನ್ನು ಅವರಷ್ಟು ಹಾಡಿ ಕೊಂಡಾಡಿದವರು ಕಡಿಮೆ. ಇವತ್ತಿನ ಮಟ್ಟಿಗೆ ಖಚಿತ, ನಾಳೆಯ ಮಟ್ಟಿಗೆ ಎಚ್ಚರ. ಕ್ಯಾಲ್ವಿನ್ ಮತದವನ ಅನುಮಾನ ಹಿಂದಕ್ಕೆ ಹೋಗುತ್ತದೆ, ಅಂದು ನಾನು ನಿಜವಾಗಿ ನಂಬಿದೆನೆ ಎಂದು. ವೆಸ್ಲಿ ಮತದವನದು ಮುಂದಕ್ಕೆ ಹೋಗುತ್ತದೆ. ಬಿಟ್ಟುಹೋಗಿ ಮರಳದೆ ಸತ್ತವನ ಬಗ್ಗೆ ಮಾತ್ರ ಇಬ್ಬರ ತೀರ್ಮಾನವೂ ಒಂದೇ, ಅವನಿಗೆ ರಕ್ಷಣೆಯಿಲ್ಲ. ಕಾರಣವಷ್ಟೇ ಬೇರೆ: ಕಳೆದುಕೊಂಡ ಎಂದು ಒಬ್ಬರು, ಇರಲಿಲ್ಲ ಎಂದು ಇನ್ನೊಬ್ಬರು.

ಈ ಒಪ್ಪಂದವನ್ನು ಮುರಿದದ್ದು ಅಮೆರಿಕ. ಹತ್ತೊಂಬತ್ತನೆಯ ಶತಮಾನದ ಉಜ್ಜೀವನ ಕೂಟಗಳಲ್ಲಿ ಮಾರ್ಪಾಟೆಂದರೆ ಒಂದು ಸಂಜೆ, ಒಂದು ಹೆಜ್ಜೆ, ಆಮೇಲೆ ಒಂದು ಕಾರ್ಡಿನ ಮೇಲೆ ಸಹಿ ಎಂದಾಯಿತು. ಆ ತೀರ್ಮಾನ ಮನುಷ್ಯನದೇ ಎಂಬ ಆರ್ಮಿನಿಯಸ್ ಪಕ್ಷದ ಆರಂಭಕ್ಕೆ, ಕಳೆದುಹೋಗದು ಎಂಬ ಡಾರ್ಟ್‌ನ ಅಂತ್ಯವನ್ನು ಹೊಲಿದರು. ನಡುವಿನ ಸಹನೆ, ಹೋರಾಟ, ಫಲ ಎಲ್ಲ ಬಿದ್ದುಹೋಗಿ, ಕೈಗೆ ಸಿಕ್ಕಿದ್ದು ಕಂತು ಕಟ್ಟದಿದ್ದರೂ ಹಣ ಕೊಡುವ ಎಲ್‌ಐಸಿ ಬಾಂಡಿನಂಥದ್ದು. ನ್ಯಾಯವಾಗಿ ಹೇಳುವುದಾದರೆ, ಬ್ಯಾಪ್ಟಿಸ್ಟರ ಅಧಿಕೃತ ವಿಶ್ವಾಸಪ್ರಮಾಣಗಳು ಕೊನೆಯವರೆಗೆ ನಿಲ್ಲುವುದನ್ನೇ ಹೇಳುತ್ತವೆ. ಆದರೆ ಪ್ರಸಂಗಪೀಠದ ಜನಪ್ರಿಯ ರೂಪದಲ್ಲಿ ಬರೀ ಭದ್ರತೆ ಉಳಿಯಿತು. ದೇವತಾಶಾಸ್ತ್ರಿ ಜೇನ್ ಹಾಜಸ್‌ನಂಥವರು ವಿಶ್ವಾಸ ಸತ್ತರೂ ರಕ್ಷಣೆ ಸಾಯದೆಂಬ ಮಟ್ಟಕ್ಕೆ ಹೋದರು; ಪಾದ್ರಿ ಜಾನ್ ಮೆಕಾರ್ಥರ್ 1988ರಲ್ಲಿ, ಯೇಸುವಿಗೆ ಒಡೆತನ ಒಪ್ಪಿಸದವನ ವಿಶ್ವಾಸ ವಿಶ್ವಾಸವೇ ಅಲ್ಲವೆಂದು ತಿರುಗಿಬಿದ್ದ. ಪೆಂತೆಕೊಸ್ತರ ದೊಡ್ಡ ಸಂಸ್ಥೆಯಾದ ಅಸೆಂಬ್ಲೀಸ್ ಆಫ್ ಗಾಡ್ ಷರತ್ತಿಲ್ಲದ ಭದ್ರತೆಯನ್ನು ಅಧಿಕೃತವಾಗಿಯೇ ಒಪ್ಪುವುದಿಲ್ಲ. ನಡುವೆ ಸಿಕ್ಕವರು ಚಾರ್ಲ್ಸ್ ಟೆಂಪಲ್ಟನ್‌ರಂಥವರು. 1940ರ ದಶಕದಲ್ಲಿ ಬಿಲ್ಲಿ ಗ್ರಹಾಂ ಜೊತೆ ವೇದಿಕೆ ಹಂಚಿಕೊಂಡು ಸಾವಿರಾರು ಜನರನ್ನು ಕರೆದ ಈ ಕೆನಡಾದವರು 1957ರಲ್ಲಿ ವಿಶ್ವಾಸವನ್ನೇ ಬಿಟ್ಟರು, 1996ರಲ್ಲಿ ದೇವರಿಗೆ ವಿದಾಯ ಹೇಳುವ ಪುಸ್ತಕ ಬರೆದರು. ಅವರ ಕೂಟದಲ್ಲಿ ನಂಬಿ ಕೊನೆಯವರೆಗೆ ನಿಂತವರಿದ್ದಾರೆ. ಕರೆದವನಿಗೆ ಇರಲೇ ಇಲ್ಲದ್ದು ಕೇಳಿದವನಿಗೆ ಸಿಕ್ಕಿತೆಂದು ವಿವರಿಸಲು ಹೊರಟಾಗ ಸಿದ್ಧಾಂತದ ಹೊಲಿಗೆ ಬಿಚ್ಚುತ್ತದೆ.

ನಮ್ಮ ನೆಲದಲ್ಲೂ ಕಾರ್ತೇಜಿನಂಥದ್ದೊಂದು ಪ್ರಸಂಗ ನಡೆದಿದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೋಲಿಕರನ್ನು, ಇಂಗ್ಲಿಷರ ಪಕ್ಷ ವಹಿಸಿದರೆಂಬ ಸಂಶಯದಿಂದ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರು ಹೊರಬಂದರು. ಅವರನ್ನು ಮತ್ತೆ ಸಭೆಗೆ ಸೇರಿಸುವ ಕೆಲಸಕ್ಕೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಹಿಂದೂ ಆಚಾರವಿಚಾರಗಳ ಬಗ್ಗೆ ಬರೆದ ದಪ್ಪ ಪುಸ್ತಕದಿಂದ ನಮಗೆ ಪರಿಚಿತನಾದವನೇ. ಇಷ್ಟು ಜನರಲ್ಲಿ ಸಾಕ್ಷಿಗಾಗಿ ಪ್ರಾಣ ಕೊಟ್ಟವರಿಲ್ಲವೆಂಬ ಕಹಿಯನ್ನು ಅವನು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ತೋಡಿಕೊಂಡಿದ್ದಾನೆ. ಬರೆಯುವಾಗ ನೊವೇಶಿಯನ್ನನ ದನಿ, ಕೆಲಸದಲ್ಲಿ ಸಿಪ್ರಿಯನ್ನನ ದಾರಿ. ಮರಳಿದವರನ್ನು ಸೇರಿಸಿಕೊಂಡ.

ಪ್ರೊಟೆಸ್ಟೆಂಟರ ಕಡೆ ಕರ್ನಾಟಕದ ಪಾಲಿಗೆ ಬಂದದ್ದು ಬೆರಕೆ ಆಸ್ತಿ. ಮೈಸೂರು ಸೀಮೆಯಲ್ಲಿ ದುಡಿದವರು ವೆಸ್ಲಿಯ ಅನುಯಾಯಿಗಳು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನವರ ಹಿನ್ನೆಲೆ ಬಹುಮಟ್ಟಿಗೆ ಕ್ಯಾಲ್ವಿನ್ ಕಡೆಯದು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಶನ್ನಿನಲ್ಲಿ ಲೂಥರನ ಮನೆಯವರೂ ಸುಧಾರಿತ (ಕ್ಯಾಲ್ವಿನ್ ಪರಂಪರೆಯ) ಸಭೆಯವರೂ ಕೂಡಿದ್ದರು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯೊಳಗೆ ಕಾಲಕ್ರಮದಲ್ಲಿ ಇವರ ಸಂತತಿ ಒಂದೇ ಸೂರಿನಡಿ ಸೇರಿತು. ಯುರೋಪಿನಲ್ಲಿ ತಲೆ ಕಡಿಸಿದ ಭೇದ ಇಲ್ಲಿ ಒಂದೇ ಬೆಂಚಿನ ಮೇಲೆ, ಯಾರ ಗಮನಕ್ಕೂ ಬಾರದೆ ಕೂತಿದೆ. ಹಿಂಜಾರಿದವನಿಗಾಗಿ ಎಲ್ಲರೂ ಪ್ರಾರ್ಥಿಸುತ್ತಾರೆ. ಜಾರಿದ್ದು ಎಲ್ಲಿಂದ ಎಂದು ಕೇಳುವವರು ಕಡಿಮೆ.

ವಿದ್ವಾಂಸರ ನಡುವೆ ವಾದ ಈಚೆಗೆ ಕೊಂಚ ಹದಕ್ಕೆ ಬಂದಿದೆ. ಅಬರ್ಡೀನಿನ ಮೆಥೊಡಿಸ್ಟ್ ವಿದ್ವಾಂಸ ಹೋವರ್ಡ್ ಮಾರ್ಷಲ್ 1969ರ ಗ್ರಂಥದಲ್ಲಿ ಎಲ್ಲ ವಚನಗಳನ್ನೂ ಸಾಲಾಗಿ ಪರಿಶೀಲಿಸಿ, ಎಚ್ಚರಿಕೆಗಳು ನಿಜವಾದ ಅಪಾಯದ ಬಗ್ಗೆಯೇ ಇವೆ, ಆದರೆ ಹೊಸ ಒಡಂಬಡಿಕೆಯ ಒಟ್ಟು ದನಿ ಭರವಸೆಯದು ಎಂದ. 2001ರಲ್ಲಿ ಕ್ಯಾಲ್ವಿನ್ ಪಕ್ಷದ ಥಾಮಸ್ ಶ್ರೈನರ್ ಮತ್ತು ಆರ್ಡೆಲ್ ಕ್ಯಾನಡೇ ಇದಕ್ಕೆ ಬೇರೆ ದಾರಿ ತೋರಿಸಿದರು: ಎಚ್ಚರಿಕೆ ವಿಶ್ವಾಸಿಗಳಿಗೇ ಹೌದು, ಅವರನ್ನು ಬೀಳದಂತೆ ಕಾಯಲು ದೇವರು ಬಳಸುವ ಸಾಧನವೇ ಅದು. ಇಂಥ ವಾದಕ್ಕೆ ಆಧಾರವಾಗಿ ನಿಲ್ಲುವ ಕಥೆ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಯಾರ ಪ್ರಾಣವೂ ಹೋಗದೆಂದು ದೇವದೂತ ತಿಳಿಸಿದ್ದಾನೆಂದು ಪೌಲ ಮೊದಲೇ ಹೇಳಿರುತ್ತಾನೆ. ಆದರೂ ನಾವಿಕರು ಗುಟ್ಟಾಗಿ ದೋಣಿ ಇಳಿಸಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲವೆಂದು ಸೈನಿಕರನ್ನು ಎಚ್ಚರಿಸುತ್ತಾನೆ. ಅವರು ಹಗ್ಗ ಕತ್ತರಿಸುತ್ತಾರೆ, ಎಲ್ಲರೂ ದಡ ಸೇರುತ್ತಾರೆ. ಮಾತು ಕೊಟ್ಟದ್ದೂ ನಿಜ, ಬೆದರಿಸಿದ್ದೂ ನಿಜ.

ಈ ವಾದ ಚೆಲುವಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆ ಹಡಗಿನಲ್ಲಿ ಯಾರೂ ಮುಳುಗಲಿಲ್ಲ. ಸಭೆಯ ಚರಿತ್ರೆಯಲ್ಲಿ ಮುಳುಗಿದವರಿದ್ದಾರೆ, ಅವರನ್ನು ಹಡಗಿನಲ್ಲೇ ಇರಲಿಲ್ಲವೆಂದು ಹೇಳಬೇಕಾಗಿ ಬಂದೊಡನೆ ಮತ್ತೆ ಓವನ್ನನ ಹೊಸ್ತಿಲಿಗೇ ಬಂದು ನಿಲ್ಲುತ್ತೇವೆ. ಹಾಗಾಗಿ ವಚನಗಳ ಅರ್ಥದ ಮಟ್ಟಿಗೆ ನನ್ನ ಮತ ಮಾರ್ಷಲ್ ಕಡೆಗೆ: ಇಬ್ರಿಯರಿಗೆ ಬರೆದವನು ಸಾಧ್ಯವಾದ ಪತನದ ಬಗ್ಗೆಯೇ ಬರೆದ. ಆದರೆ ಆ ಪತನ ತನಗಾಗಿದೆ ಎಂದು ಅಳುವವನಿಗೆ ಅದೇ ಅಧ್ಯಾಯವನ್ನು ಓದಿಹೇಳುವ ಪಾದ್ರಿ ಪತ್ರಿಕೆಯನ್ನು ತಪ್ಪು ವಿಳಾಸಕ್ಕೆ ಕೊಡುತ್ತಿದ್ದಾನೆ. ಅದು ಉದಾಸೀನರಾಗುತ್ತಿದ್ದ, ಸಭೆಗೆ ಬರುವುದನ್ನೇ ಬಿಡುತ್ತಿದ್ದ ಒಂದು ಗುಂಪಿಗೆ ಬರೆದದ್ದು. ಹೀಗೆ ಕೇಳುವವನಿಗೆ ತಕ್ಕಂತೆ ವಚನ ಬದಲಿಸುವುದು ನುಣುಚಿಕೊಳ್ಳುವ ಆಟವೆಂದು ಡಾರ್ಟ್‌ನವರೂ ವೆಸ್ಲಿಯೂ ನನ್ನನ್ನು ಒಟ್ಟಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರೇನೋ. ಸಭೆಗಳ ಮಟ್ಟದಲ್ಲಾದರೆ, 1999ರಲ್ಲಿ ಔಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೋಲಿಕರೂ ನೀತಿನಿರ್ಣಯದ ಬಗ್ಗೆ ಸಹಿ ಹಾಕಿದ ಜಂಟಿ ಘೋಷಣೆಗೆ 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳವರು ಸೇರಿಕೊಂಡರು. ರಕ್ಷಣೆಯ ಭರವಸೆಯ ಬಗ್ಗೆ ಅದರಲ್ಲೊಂದು ಭಾಗವೇ ಇದೆ. ಭರವಸೆಯಿಡಬಹುದು, ಇಡಬೇಕು ಎನ್ನುವವರೆಗೆ ಎಲ್ಲರೂ ಜೊತೆಗಿದ್ದಾರೆ. ಟ್ರೆಂಟ್ ಮತ್ತು ಡಾರ್ಟ್ ತಂತಮ್ಮ ಪುಸ್ತಕಗಳಲ್ಲಿ ಇನ್ನೂ ಹಾಗೆಯೇ ಇವೆ.